ಅರ್ಮೇನಿಯನ್ನರು ನೆಲೆ ತಪ್ಪಿದರೂ ತಮ್ಮತನ ಉಳಿಸಿಕೊಂಡದ್ದು ಹೇಗೆ?

ಪ್ರಶ್ನೆ (ಧಾರವಾಡ):
ಇತಿಹಾಸದ ಎಂ.ಎ. ವಿದ್ಯಾರ್ಥಿನಿಯಾದ ನಾನು ಅರ್ಮೇನಿಯನ್ ವಲಸೆಯ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. 1915ರಲ್ಲಿ ಆಟೊಮನ್ ಸಾಮ್ರಾಜ್ಯದಲ್ಲಿ ಆರಂಭವಾದ ನರಮೇಧದಿಂದ ಪಾರಾಗಿ ಲೆಬನಾನ್, ಸಿರಿಯಾ, ಫ್ರಾನ್ಸ್, ಅಮೆರಿಕಗಳಲ್ಲಿ ನೆಲೆಸಿದವರ ಮರಿಮಕ್ಕಳು, ಕಣ್ಣಾರೆ ಕಾಣದ ಊರನ್ನು ಇಂದಿಗೂ ತಮ್ಮದೆನ್ನಲು ಕಾರಣವೇನು?

ಉತ್ತರ (ಹುಬ್ಬಳ್ಳಿ):
ಚರ್ಚು, ಶಾಲೆ ಮತ್ತು ಪತ್ರಿಕೆಗಳೇ ಮುಖ್ಯ ಕಾರಣ. ಬೈರೂತಿನ ಪಕ್ಕದ ಬುರ್ಜ್ ಹಮ್ಮೂದ್ ನಿರಾಶ್ರಿತರೇ ಕಟ್ಟಿಕೊಂಡ ಊರಾಗಿದ್ದು, ಅಲ್ಲಿನ ಓಣಿಗಳಿಗೆ ಅವರು ಬಿಟ್ಟುಬಂದ ಮರಾಶ್, ಸಿಸ್, ಅದಾನಾಗಳ ಹೆಸರನ್ನೇ ಇಟ್ಟಿದ್ದಾರೆ. ಆದರೆ ದಯವಿಟ್ಟು 1915ರಿಂದಲೇ ಆರಂಭಿಸಬೇಡಿ. ಅದಕ್ಕೂ ಬಹಳ ಮೊದಲೇ ಅರ್ಮೇನಿಯನ್ ವರ್ತಕರು ಮದ್ರಾಸಿನಲ್ಲಿದ್ದರು. ಜಗತ್ತಿನ ಮೊದಲ ಅರ್ಮೇನಿಯನ್ ನಿಯತಕಾಲಿಕ 'ಅಜ್ದರಾರ್' ಅಚ್ಚಾದದ್ದು 1794ರಲ್ಲಿ, ಅದೇ ಮದ್ರಾಸಿನಲ್ಲಿ, ಹಾರುತ್ಯುನ್ ಶ್ಮಾವೋನ್ಯಾನ್ ಎಂಬ ಪಾದ್ರಿಯ ಸಂಪಾದಕತ್ವದಲ್ಲಿ.

ಉತ್ತರ (ಗದಗ):
ಒಂದು ಸೂಕ್ಷ್ಮವನ್ನು ಗಮನಿಸಿರಿ. 1991ರಲ್ಲಿ ಸ್ವತಂತ್ರವಾದ ಅರ್ಮೇನಿಯಾದಲ್ಲಿ ಬಳಕೆಯಲ್ಲಿರುವುದು ಪೂರ್ವ ಅರ್ಮೇನಿಯನ್. ವಲಸಿಗರಲ್ಲಿ ಅನೇಕರ ಮನೆಮಾತು ಪಶ್ಚಿಮ ಅರ್ಮೇನಿಯನ್, ಅವರ ಪೂರ್ವಿಕರ ಊರುಗಳಿರುವುದು ಇಂದಿನ ತುರ್ಕಿಯಲ್ಲಿ. ಹೀಗಾಗಿ ಅರ್ಮೇನಿಯಾದ ರಾಜಧಾನಿ ಯೆರೆವಾನಿಗೆ ಹೋದರೂ ಅವರು ಅಜ್ಜನ ಊರಿಗೆ ಮರಳಿದಂತಾಗುವುದಿಲ್ಲ. ಯುನೆಸ್ಕೋ ಪಶ್ಚಿಮ ಅರ್ಮೇನಿಯನ್ನನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿರುವುದು ನನಗಂತೂ ಅತ್ಯಂತ ನೋವಿನ ಸಂಗತಿ.

ಉತ್ತರ (ಹುಬ್ಬಳ್ಳಿ):
ಸಾಧ್ಯವಾದರೆ ಮುಂಡಗೋಡಿನ ಟಿಬೆಟನ್ ಕಾಲೊನಿಗೂ ಹೋಗಿ ಬನ್ನಿರಿ. ಅಲ್ಲಿನ ಹಿರಿಯರು ಮಕ್ಕಳಿಗೆ ಭಾಷೆಯನ್ನು ಹೇಗೆ ದಾಟಿಸುತ್ತಿದ್ದಾರೆಂದು ಕೇಳಿದರೆ, ನಿಮ್ಮ ಪ್ರಬಂಧಕ್ಕೆ ಹೋಲಿಕೆಯ ಒಂದು ಗಟ್ಟಿಯಾದ ಅಧ್ಯಾಯ ಸಿಗುತ್ತದೆ.