ಪದ ಬೇಕು (ಅರ್ಜೆಂಟ್): ‘ಯೂನಿಟ್ ಪ್ರೈಸ್’ಗೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಹಕಾರಿ ಅಂಗಡಿಗೆ ಶೆಲ್ಫ್ ಚೀಟಿ ಮಾಡಿಸುತ್ತಿದ್ದೇವೆ. ಬೆಳಿಗ್ಗೆ ಪ್ರಿಂಟ್‌ಗೆ ಹೋಗಬೇಕು, ಈ ಒಂದು ಜಾಗ ಖಾಲಿ ಉಳಿದಿದೆ. ತೊಗರಿಬೇಳೆ 200 ಗ್ರಾಂಗೆ 36 ರೂಪಾಯಿ, ಅರ್ಧ ಕೆಜಿಗೆ 80, 2 ಕೆಜಿಗೆ 330. ದೊಡ್ಡದೇ ಅಗ್ಗ ಅಂತ ಜನ 2 ಕೆಜಿ ಎತ್ತಿಕೊಳ್ಳುತ್ತಾರೆ. ಕೆಜಿ ಲೆಕ್ಕಕ್ಕೆ ತಂದರೆ (ಇದೇ ಯೂನಿಟ್ ಪ್ರೈಸ್) 180, 160, 165. ಅರ್ಧ ಕೆಜಿಯ ನಾಲ್ಕು ತಗೊಂಡರೆ 10 ರೂಪಾಯಿ ಉಳಿಯುತ್ತೆ. ‘ಘಟಕ ಬೆಲೆ’ ಅಂತ ಹಾಕಲಾ, ‘ಏಕಮಾನ ಬೆಲೆ’ ಅಂತಲಾ?

ಉ:
ಘಟಕ ಬೇಡ. ಅದು ಪಕ್ಷದ ತಾಲ್ಲೂಕು ಘಟಕಕ್ಕೇ ಇರಲಿ. ಏಕಮಾನವೂ ಬೇಡ, ಬೇಳೆ ಕೊಳ್ಳಲು ಬಂದವರಿಗೆ ಸಂಸ್ಕೃತ ಪಾಠ ಯಾಕೆ? ‘ಬಿಡಿಬೆಲೆ’ ಅನ್ನಿ. ಬೆಲೆ ನಮ್ಮದೇ ಪದ. ತಮಿಳಿನ ವಿಲೈ ಇದರ ಒಡಹುಟ್ಟು, ಅಲ್ಲಿನ ವಕಾರ ಇಲ್ಲಿ ಬಕಾರ. ವೇರ್-ಬೇರು, ವಿರಲ್-ಬೆರಳು ನೋಡಿ.

ಉ:
> ‘ಬಿಡಿಬೆಲೆ’ ಅನ್ನಿ

ಆಗಲ್ಲ. ಬಿಡಿ ಅಂದರೆ ಪ್ಯಾಕ್ ಮಾಡದ್ದು, ಇಲ್ಲಾ ಚಿಲ್ಲರೆ ಮಾರಾಟದ್ದು. ಇನ್ನು ಸಂಸ್ಕೃತದ ಭಯ. 12ನೇ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ತನ್ನ ಪುಸ್ತಕಕ್ಕೆ ‘ವ್ಯವಹಾರಗಣಿತ’ ಅಂತಲೇ ಹೆಸರಿಟ್ಟ. ಇವರು ಮಾಡಿರುವುದೂ ಹಳೇ ತ್ರೈರಾಶಿ ಲೆಕ್ಕವೇ, ಅಂದರೆ ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಹುಡುಕುವುದು. 500 ಗ್ರಾಂ ಪ್ರಮಾಣ, 80 ಫಲ, 1000 ಗ್ರಾಂ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿ, 160. ಈ ಪದಗಳನ್ನೂ ಕಿತ್ತು ಬಿಸಾಡೋಣವಾ? ‘ಏಕಮಾನ ಬೆಲೆ’ ಸರಿ ಇದೆ.

ಉ:
ರಾಜಾದಿತ್ಯ ಶೆಲ್ಫ್ ಚೀಟಿ ಬರೆದಿರಲಿಲ್ಲ.

ಉ:
ಅವರಿಗೆ ಬೆಳಿಗ್ಗೆ ಪ್ರಿಂಟ್ ಇದೆ, ನಿಮ್ಮದು ಮುಗಿಯೋದಲ್ಲ. ಸಂತೆಯಲ್ಲಿ ಯಾರ ಬಾಯಲ್ಲಾದರೂ ಈ ನಾಮಪದ ಕೇಳಿದ್ದೀರಾ? ‘ಕೆಜಿಗೆ ಎಷ್ಟು?’ ಅಂತಾರೆ, ಅಷ್ಟೇ. ನಿಂಬೆಹಣ್ಣಿನವನು ತಿರುಗಿಸಿ ‘ಇಪ್ಪತ್ತಕ್ಕೆ ಐದು’ ಅಂತಾನೆ. ಲೆಕ್ಕ ಯಾವುದರ ಮೇಲೆ ನಿಂತಿದೆಯೋ ಅದಕ್ಕೆ ಚತುರ್ಥಿ ವಿಭಕ್ತಿ (‘ಗೆ’, ‘ಕ್ಕೆ’) ಬೀಳುತ್ತೆ. ಚೀಟಿಯಲ್ಲಿ ದಪ್ಪಗೆ ‘ಕೆಜಿಗೆ ₹160’ ಅಂತಿದ್ದರೆ ಸಾಕು, ಪದವೇ ಬೇಡ.

ಇನ್ನೊಂದು. ಪ್ಯಾಕೆಟ್ ಮೇಲೆ ಅಚ್ಚಾಗಿರುವ ಯೂನಿಟ್ ಪ್ರೈಸನ್ನು ಹಾಗೇ ಇಳಿಸಬೇಡಿ. ಪ್ಯಾಕೆಟ್ ಸರಕಿನ 2011ರ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿ ಪ್ರಕಾರ, ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆಜಿ ಲೆಕ್ಕ. ನಿಮ್ಮ ಅರ್ಧ ಕೆಜಿ ಬೇಳೆ ಮೇಲೆ 0.16, ಎರಡು ಕೆಜಿ ಮೇಲೆ 165. ಅಂಗಡಿಯಲ್ಲಿ ನಿಂತು ಯಾರು ಹೋಲಿಸುತ್ತಾರೆ? ಒಂದು ಸಾಲಿನ ಸರಕಿಗೆಲ್ಲ ಒಂದೇ ಅಳತೆ ಹಾಕಿ.

ಉ:
ತುಂಬಾ ಥ್ಯಾಂಕ್ಸ್. ‘ಕೆಜಿಗೆ’, ‘ಲೀಟರಿಗೆ’ ಅಂತಲೇ ಹೋಗುತ್ತೆ. ಸೋಪಿಗೆ ‘100 ಗ್ರಾಂಗೆ’ ಹಾಕುತ್ತೇನೆ.

ಉ:
‘ಗೆ’ ಅಚ್ಚಗನ್ನಡ, ಒಪ್ಪಿದೆ. ಆದರೆ ಕೆಜಿ ಯಾರ ಮನೆಯದು? ನಮ್ಮ ಸೇರು ಏನಾಯ್ತು?

ಉ:
ಸೇರೂ ಉತ್ತರದಿಂದ ಬಂದದ್ದೇ ಸ್ವಾಮಿ. ಬೇರೆ ಎಳೆ ತೆಗೆಯಿರಿ.