ಅಳಿವೆಯಲ್ಲಿ ಪಂಜರ ಮೀನು ಕೃಷಿ: ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ: ಕುಂದಾಪುರದ ಬಳಿ ಹೊಳೆಯ ದಂಡೆಯಲ್ಲೇ ನಮ್ಮ ಮನೆಯಿದೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಲೆಯ ಎರಡು ತೇಲುಪಂಜರ ಹಾಕಿ ಸೀಬಾಸ್ ಮೀನು ಸಾಕಬೇಕೆಂದಿದ್ದೇನೆ. ಬೋಟುಗಳು ದಕ್ಕೆಯಲ್ಲಿ (ಬಂದರುಕಟ್ಟೆಯಲ್ಲಿ) ನಿಂತಿರುವ ಜೂನ್, ಜುಲೈ ತಿಂಗಳಲ್ಲಿ ಮಾರಿದರೆ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುತ್ತಾರೆ. ಈ ಲೆಕ್ಕ ಸರಿಯೇ? ಅನುಮತಿ, ಸಹಾಯಧನದ ಬಗ್ಗೆಯೂ ತಿಳಿಸಿ.

ಕೋಡಿಬೆಂಗ್ರೆಯಿಂದ: ಇದೇ ಲೆಕ್ಕವನ್ನು ನಂಬಿ ನಾನು ಮೊದಲ ವರ್ಷ ಪೆಟ್ಟು ತಿಂದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದೂ, ಆಗ ಮೀನಿನ ಬೆಲೆ ಏರುವುದೂ ನಿಜ. ಆದರೆ ಹೊಳೆಗೆ ನೆರೆ ಬರುವುದೂ ಆ ದಿನಗಳಲ್ಲೇ. ನೆರೆಗೆ ನೀರಿನ ಉಪ್ಪಿನಂಶ ಇಳಿದರೂ, ಸೀಬಾಸ್ ಸಿಹಿನೀರನ್ನೂ ತಾಳಿಕೊಳ್ಳುವ ಮೀನಾದ್ದರಿಂದ ನನಗೆ ಅದರಿಂದ ನಷ್ಟವಾಗಲಿಲ್ಲ, ನಷ್ಟವಾದದ್ದು ಬೇರೆ ಕಾರಣಕ್ಕೆ. ಘಟ್ಟದ ಕಡೆಯಿಂದ ತೇಲಿಬಂದ ಮರದ ದಿಮ್ಮಿಯೊಂದು ಪಂಜರಕ್ಕೆ ಬಡಿದು, ಲಂಗರು ಕಿತ್ತು, ಬಲೆ ಹರಿದು, ಒಂದೇ ರಾತ್ರಿಯಲ್ಲಿ ಮುಕ್ಕಾಲು ಪಾಲು ಮೀನು ಹೊಳೆಯ ಪಾಲಾಯಿತು. (ಮರುದಿನ ಗಾಳ ಹಾಕಿದವರಿಗೆ ಮಾತ್ರ ಹಬ್ಬವಾಗಿತ್ತು.) ಅದಕ್ಕೂ ಮೊದಲೇ ಆಹಾರದ ಕೊರತೆ ಕಾಡಿತ್ತು: ನಾನು ಹಾಕುತ್ತಿದ್ದುದು ದಕ್ಕೆಯಲ್ಲಿ ಅಗ್ಗಕ್ಕೆ ಸಿಗುವ ಬೂತಾಯಿ ಮತ್ತು ಸಣ್ಣಪುಟ್ಟ ಮೀನು, ಬೋಟುಗಳು ನಿಂತೊಡನೆ ಅದೂ ನಿಂತಿತು. ಹಸಿದ ಸೀಬಾಸ್ ತನ್ನ ಜೊತೆಯ ಚಿಕ್ಕ ಮೀನನ್ನೇ ನುಂಗುತ್ತದೆ.

ಈಗ ಮಳೆಯ ಕೆಂಪು ನೀರು ತಿಳಿಯಾದ ಮೇಲೆ, ಗೇಣುದ್ದಕ್ಕೆ ಹತ್ತಿರ ಬೆಳೆದ ಮರಿಗಳನ್ನೇ ಹೆಚ್ಚು ಬೆಲೆ ಕೊಟ್ಟಾದರೂ ತಂದು ಬಿಡುತ್ತೇನೆ, ಆಗಾಗ ಗಾತ್ರ ನೋಡಿ ಬೇರ್ಪಡಿಸುತ್ತೇನೆ, ಮೇ ಮಧ್ಯದಿಂದ ಹಿಡಿದು ಮಾರಿ ತಿಂಗಳ ಕೊನೆಯೊಳಗೆ ಪಂಜರ ಖಾಲಿ ಮಾಡುತ್ತೇನೆ. ನಿಷೇಧದ ದಿನಗಳ ಬೆಲೆ ಕೈತಪ್ಪುತ್ತದೆ, ಆದರೆ ಮೀನು ಕೈಯಲ್ಲಿರುತ್ತದೆ. ಆ ಬೆಲೆ ಬೇಕೇ ಬೇಕೆಂದಾದರೆ ದಂಡೆಯ ಮೇಲೆ ಕೆರೆಯಿರಬೇಕು.

ಮೂಲ್ಕಿಯಿಂದ: 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯೆಂದರೆ ಸಿಗಡಿ ಕೆರೆಗಳಿಗೆ ಸಂಬಂಧಿಸಿದ್ದು ಎಂದೇ ನಾವು ತಿಳಿದಿದ್ದೆವು, 2023ರ ತಿದ್ದುಪಡಿಯ ನಂತರ ಪಂಜರ ಕೃಷಿಯೂ ಅದರ ವ್ಯಾಪ್ತಿಗೆ ಬಂದಿದೆ. ಆದ್ದರಿಂದ ಪಂಜರಕ್ಕೆ ಬೇಕಾದ ಪೈಪು, ಡ್ರಮ್ ಖರೀದಿಸುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿಯ ಬಗ್ಗೆ ವಿಚಾರಿಸಿ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ. 40ರಷ್ಟು, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60ರಷ್ಟು ಸಹಾಯಧನವಿತ್ತು. ನಮ್ಮಲ್ಲಿ ನಿತ್ಯ ಆಹಾರ ಹಾಕುವವರು ಅತ್ತಿಗೆಯಾದ್ದರಿಂದ ಅರ್ಜಿಯನ್ನೂ ಅವರ ಹೆಸರಿನಲ್ಲೇ ಹಾಕಿದೆವು. ಹಣ ಬಂದದ್ದು ಕೆಲಸ ಮುಗಿದು ಬಹಳ ತಿಂಗಳ ಮೇಲೆ. ಅದನ್ನು ಬಂಡವಾಳವೆಂದು ಎಣಿಸಬೇಡಿ.

ಇನ್ನು, ಆ ಜಾಗದಲ್ಲಿ ಬಲೆ ಬಿಡುವವರು, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಯಾರೆಂದು ತಿಳಿದು ಅವರೊಡನೆ ಮೊದಲು ಮಾತನಾಡಿ. ನಾವು ಹಾಗೆ ಮಾಡದೆ, ದೋಣಿ ಹೋಗುವ ದಾರಿಯಲ್ಲೇ ಪಂಜರವಿಟ್ಟು, ಕೊನೆಗೆ ಎಳೆದು ಬೇರೆಡೆ ಕಟ್ಟಬೇಕಾಯಿತು.

ಗಂಗೊಳ್ಳಿಯಿಂದ: ನಿಮ್ಮ ಹೊಳೆಯಲ್ಲಿ ನೀರುನಾಯಿ ಇದ್ದರೆ ಒಳಬಲೆಯಿಂದ ಎರಡಡಿ ದೂರದಲ್ಲಿ ಗಟ್ಟಿಯಾದ ಹೊರಬಲೆ ಕಟ್ಟಿ, ಮೇಲೆಯೂ ಬಲೆ ಮುಚ್ಚಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ಉರುಳು ಹಾಕುವುದು, ವಿಷವಿಡುವುದು ಅಪರಾಧ. ಹೊರಬಲೆಗೆ ಚಿಪ್ಪು, ಪಾಚಿ ಹತ್ತಿ ನೀರಿನ ಓಡಾಟ ನಿಲ್ಲುತ್ತದೆ, ಆದ್ದರಿಂದ ಬದಲಿಸಲು ಇನ್ನೊಂದು ಜೊತೆ ಬಲೆಯ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.