ಏಳು ನಿಲ್ದಾಣ ಮುಗಿದರೂ ಪ್ರೋಗ್ರಾಂ ಮತ್ತೆ ಒಂದರಿಂದ ಕೇಳುತ್ತಿದೆ

ಪ್ರಶ್ನೆ (ಬಿಸಿಎ ವಿದ್ಯಾರ್ಥಿನಿ, ಉಡುಪಿ): ನಮಸ್ಕಾರ ಮೇಡಂ. ಸಿ ಭಾಷೆ ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಉಡುಪಿ, ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಮಂಗಳೂರು: ಈ ಏಳು ನಿಲ್ದಾಣಗಳಲ್ಲಿ ಬಸ್ ಹತ್ತಿದವರ ಲೆಕ್ಕ ಕೇಳಿ ಒಟ್ಟು ತೋರಿಸುವ ಪ್ರೋಗ್ರಾಂ ಬರೆದೆ. ‘ಇಂಟ್ ಜನ[7]’ ಎಂಬ ಅರೇ (ಏಳು ಪೂರ್ಣಾಂಕ ಇಡುವ ಜಾಗಗಳ ಸಾಲು), ‘ಫಾರ್ (ಐ = 1; ಐ <= 7; ಐ++)’ ಎಂಬ ಲೂಪ್: ‘ಐ’ ಒಂದೊಂದೇ ಏರುತ್ತ ಜನ[ಐ]ಗೆ ಲೆಕ್ಕ ತುಂಬುತ್ತದೆ. ಕೂಡಲು ಇಂಥದೇ ಇನ್ನೊಂದು ಲೂಪ್. ಲ್ಯಾಬ್‌ನಲ್ಲಿ ಒಟ್ಟು ಸರಿಯಾಗಿಯೇ ಬಂತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ, ಮಂಗಳೂರಿಗೆ 0 ಎಂದು ಕೊಟ್ಟ ಕೂಡಲೇ ಮತ್ತೆ ‘1ನೇ ನಿಲ್ದಾಣ’ ಎಂದು ಕೇಳುತ್ತದೆ. ಎರರ್ ಒಂದೂ ಇಲ್ಲ. ರಾತ್ರಿ ಹನ್ನೊಂದರವರೆಗೆ ಕುಳಿತರೂ ತಿಳಿಯಲಿಲ್ಲ.

ಉತ್ತರ (ಸಾಫ್ಟ್‌ವೇರ್ ಎಂಜಿನಿಯರ್, ಮಂಗಳೂರು): ಏನನ್ನೂ ತಿದ್ದಬೇಡಿ. ಮೊದಲು ಮಂಗಳೂರಿಗೆ 0 ಬದಲು 3 ಕೊಟ್ಟು, ಮುಂದೆ ಎಷ್ಟನೇ ನಿಲ್ದಾಣ ಕೇಳುತ್ತದೆ ಎಂದು ಇಲ್ಲಿ ಬರೆಯಿರಿ.

ವಿದ್ಯಾರ್ಥಿನಿ: 4ನೇ ನಿಲ್ದಾಣ ಕೇಳಿತು! 5 ಕೊಟ್ಟರೆ 6ನೆಯದು. 10 ಕೊಟ್ಟಾಗ ಲೂಪ್ ಮುಗಿದು ಒಟ್ಟು ಬಂತು, ಆದರೆ ಅದರಲ್ಲಿ 3 ಕಡಿಮೆ ಇತ್ತು.

ಉತ್ತರ: ಈ ಒಂದು ಸಾಲೇ ಸಾಕು, ಕಾರಣ ಸಿಕ್ಕಿತು. ನೀವು ಮಂಗಳೂರಿನ ಸಂಖ್ಯೆಯನ್ನು ಬರೆಯುತ್ತಿರುವುದು ಅರೇಯೊಳಗಲ್ಲ, ‘ಐ’ ಮೇಲೆ.

ಚೆನ್ನೆಮಣೆ ಆಡಿದ್ದೀರಾ? ನಿಮ್ಮ ಸಾಲಿನಲ್ಲಿ ಏಳು ಗುಳಿ. ಒಂದೊಂದಾಗಿ ಕಾಯಿ ಹಾಕುತ್ತ ಹೋದರೆ ಸಾಲು ಮುಗಿದ ಮೇಲಿನ ಕಾಯಿ ಎದುರಿನವರ ಗುಳಿಗೆ ಬೀಳುತ್ತದೆ. ಇಲ್ಲಿಯೂ ಅದೇ ಆಗಿದೆ. ಸಿ ಭಾಷೆಯಲ್ಲಿ ಜನ[7] ಎಂದು ಘೋಷಿಸಿದರೆ ಸಿಗುವ ಏಳು ಜಾಗಗಳು ಜನ[0]ರಿಂದ ಜನ[6]ರವರೆಗೆ. ಈಗಿನ ಕಂಪ್ಯೂಟರ್‌ಗಳಲ್ಲಿ ಒಂದೊಂದು ಇಂಟ್‌ಗೆ ಸಾಮಾನ್ಯವಾಗಿ 4 ಬೈಟ್. ಅರೇ ಮೆಮೊರಿಯ 1000ನೇ ವಿಳಾಸದಲ್ಲಿ (ಒಂದು ಬೈಟ್‌ಗೆ ಒಂದು ವಿಳಾಸ) ಶುರುವಾಯಿತು ಎಂದುಕೊಳ್ಳಿ, 1027ಕ್ಕೆ ಮುಗಿಯಿತು. ಜನ[7] ಎಂದರೆ 1028. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಜಾಗದಲ್ಲಿ ‘ಐ’ ಕುಳಿತಿದೆ. 0 ಬರೆದಿರಿ, ‘ಐ’ 0 ಆಯಿತು, ಐ++ ಅದನ್ನು 1 ಮಾಡಿತು. 10 ಕೊಟ್ಟಾಗ ಅದು 11 ಆಗಿ ಲೂಪ್ ಮುಗಿಯಿತು. ಕೂಡುವ ಲೂಪ್ ಕೊನೆಯಲ್ಲಿ ಜನ[7] ಓದುವಾಗ ‘ಐ’ ಬೆಲೆ 7 ಇತ್ತು, ಹಾಗಾಗಿ 10ರ ಬದಲು 7 ಸೇರಿತು. ನಿಮ್ಮ 3 ಕಳೆದುಹೋದದ್ದು ಅಲ್ಲೇ. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಬಹುಶಃ ಆ ಜಾಗ ಖಾಲಿ ಇತ್ತು. ತಪ್ಪು ಅಲ್ಲಿಯೂ ಇತ್ತು, ಕಾಣಿಸಲಿಲ್ಲ ಅಷ್ಟೆ.

ಲೂಪನ್ನು ‘ಐ = 0; ಐ < 7’ ಎಂದು ಬದಲಿಸಿ. ತೆರೆಯ ಮೇಲೆ ತೋರಿಸುವಾಗ ಮಾತ್ರ ‘ಐ + 1’ ಮುದ್ರಿಸಿ. ಸೊನ್ನೆಯಿಂದ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಇಂಡೆಕ್ಸ್ (ಜನ[0] ಎಂಬಲ್ಲಿನ 0) ಎಂದರೆ ಹೊರಟ ಜಾಗದಿಂದ ಎಷ್ಟು ದಾಟಿದ್ದೇವೆ ಎಂಬ ಲೆಕ್ಕ. ಉಡುಪಿಯಲ್ಲೇ ನಿಂತಿರುವ ಬಸ್ ಇನ್ನೂ ಏನನ್ನೂ ದಾಟಿಲ್ಲ.

ಇನ್ನೊಬ್ಬ ಸದಸ್ಯರು: ಜನ[8] ಎಂದು ಬರೆದರೆ ಮುಗಿಯಿತಲ್ಲ ಮೇಡಂ?

ಉತ್ತರ: ಈ ಪ್ರೋಗ್ರಾಂ ಓಡುತ್ತದೆ, ನಿಜ. ಆದರೂ ನಾನು ಒಪ್ಪುವುದಿಲ್ಲ. ಜನ[0] ಬೆಲೆ ಇಲ್ಲದೆ ಉಳಿಯುತ್ತದೆ, ಅಲ್ಲಿ ಏನು ಕಸವಿದೆಯೋ ಗೊತ್ತಿಲ್ಲ. ನಾಳೆ ಅತಿ ಕಡಿಮೆ ಜನ ಹತ್ತಿದ ನಿಲ್ದಾಣ ಹುಡುಕುವ ಫಂಕ್ಷನ್‌ಗೆ ಇದೇ ಅರೇ ಕೊಟ್ಟರೆ, ಅದು ಸೊನ್ನೆಯಿಂದಲೇ ಓದಿ ಆ ಕಸವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ವಿದ್ಯಾರ್ಥಿನಿ: ಸರಿಹೋಯಿತು ಮೇಡಂ, ತುಂಬಾ ಧನ್ಯವಾದ. ಆದರೆ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಒಂದು ಮಾತೂ ಹೇಳಲಿಲ್ಲವಲ್ಲ?

ಉತ್ತರ: ಪ್ರೋಗ್ರಾಂ ಓಡುವಾಗ ಸಿ ಅರೇಯ ಗಡಿ ನೋಡುವುದಿಲ್ಲ. ಜಾವಾ ಭಾಷೆ ನೋಡುತ್ತದೆ, ‘ಇಂಡೆಕ್ಸ್ 7 ಔಟ್ ಆಫ್ ಬೌಂಡ್ಸ್ ಫಾರ್ ಲೆಂತ್ 7’ (7 ಜಾಗದ ಅರೇಗೆ ಇಂಡೆಕ್ಸ್ 7 ಗಡಿಯಾಚೆ) ಎಂದು ಸಾಲಿನ ಸಂಖ್ಯೆಯ ಸಮೇತ ಹೇಳಿ ನಿಲ್ಲುತ್ತದೆ. ಆ ಕೆಂಪು ಅಕ್ಷರ ಕಂಡರೆ ಹೆದರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಅದು ನಿಮ್ಮ ಪರವಾಗಿದೆ, ಪೂರ್ತಿ ಓದಿ. ಹೆದರಬೇಕಾದದ್ದು ಸದ್ದಿಲ್ಲದ ತಪ್ಪಿಗೆ. 1988ರ ಮಾರಿಸ್ ವರ್ಮ್ (ಇಂಟರ್ನೆಟ್ಟಿನಲ್ಲಿ ತಾನೇ ಹರಡಿದ ಪ್ರೋಗ್ರಾಂ) ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲಿ ಒಂದು ಇದೇ: 512 ಬೈಟ್‌ಗಳ ಅರೇಗೆ ಅಳತೆ ನೋಡದೆ ‘ಗೆಟ್ಸ್’ ಎಂಬ ಓದುವ ಫಂಕ್ಷನ್ ತುಂಬಿದ್ದು. 2011ರ ಸಿ ಮಾನಕದಲ್ಲಿ ಆ ಫಂಕ್ಷನ್ ಅನ್ನೇ ತೆಗೆದುಹಾಕಿದರು.

ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಬಳಸುವುದಾದರೆ ಅಡ್ರೆಸ್ ಸ್ಯಾನಿಟೈಸರ್ ಆಯ್ಕೆ ಹಾಕಿ ಕಂಪೈಲ್ ಮಾಡಿ. ಇಂಥ ತಪ್ಪು ನಡೆದ ಕ್ಷಣವೇ ಪ್ರೋಗ್ರಾಂ ನಿಂತು ಹೇಳುತ್ತದೆ. ಅದಿಲ್ಲದಿದ್ದರೆ ಲೂಪಿನೊಳಗೆ ‘ಐ’ ಬೆಲೆ ಮುದ್ರಿಸುವ ಒಂದು ಸಾಲು ಸೇರಿಸಿ. ಇಷ್ಟು ವರ್ಷಗಳ ನಂತರವೂ ನಾನು ದಿನವೂ ಮಾಡುವ ಕೆಲಸ ಅದು.

ವಿದ್ಯಾರ್ಥಿನಿ: ಮುಂದೆ ಉಡುಪಿಯಿಂದ ಪ್ರತಿ ನಿಲ್ದಾಣದ ದೂರವನ್ನು ‘ದೂರ’ ಎಂಬ ಅರೇಯಲ್ಲಿಟ್ಟು, ದೂರ[ಐ + 1] − ದೂರ[ಐ] ಎಂದು ನಿಲ್ದಾಣಗಳ ನಡುವಿನ ದೂರ ತೆಗೆಯಬೇಕೆಂದಿದ್ದೇನೆ. ಅದಕ್ಕೂ ‘ಐ < 7’ ತಾನೇ?

ಉತ್ತರ: ಇಲ್ಲ, ‘ಐ < 6’. ನಿಲ್ದಾಣ ಏಳಿದ್ದರೂ ನಡುವಿನ ಹಾದಿ ಆರೇ. ‘ಐ’ 6 ಆದಾಗ ದೂರ[7] ಕೇಳಿದಂತಾಗುತ್ತದೆ, ಮಂಗಳೂರಿನ ಆಚೆಗೆ ನಿಮ್ಮ ಅರೇಯಲ್ಲಿ ಊರಿಲ್ಲ.